ಹನ್ನೆರಡು ಚುಕ್ಕೆ

"ಇದು ಹನ್ನೆರಡಲ್ಲ ಮಾರಾಯ್ತಿ, ಎರಡು ಆರು," ಎಂದರು ಪ್ರೊಫೆಸರ್ ಹಯವದನ ಭಟ್ಟರು, ಪರದೆಯಿಂದ ಕಣ್ಣು ಕೀಳದೆ. "ಎರಡು ಹರಳು ಒಂದರ ಮೇಲೊಂದು ಓರೆಯಾಗಿ ಕೂತದ್ದು. ಬೇರೆ ಎಂತದೂ ಇಲ್ಲ."

ಎಕ್ಸ್-ರೇ ಹಾಯಿಸಿ ತೆಗೆದ ಚಿತ್ರದಲ್ಲಿ ಹನ್ನೆರಡು ಚುಕ್ಕೆಗಳು ಬಳೆಯಂತೆ ಸುತ್ತ ಕೂತಿದ್ದವು; ಆರು ಮೂಲೆಯ ಹರಳು ಕೊಡಬೇಕಾದ್ದು ಆರೇ ಚುಕ್ಕೆ. ವಡೋದರದ ಈ ಪ್ರಯೋಗಾಲಯದಲ್ಲಿ, ಭಟ್ಟರ ಕೈಕೆಳಗೆ, ಸಂಜನಾ ಪಿಎಚ್‌.ಡಿ.ಗಾಗಿ ತಯಾರಿಸುತ್ತಿದ್ದುದು ಮರದಂತೆ ಕವಲೊಡೆದ ಪಾಲಿಮರ್ ಅಣುಗಳನ್ನು. ಕಾಯಿಸಿ ನಿಧಾನವಾಗಿ ತಣಿಸಿದರೆ ಅವು ಮುದುಡಿ ಉಂಡೆಗಳಾಗಿ, ಯಾರೂ ಜೋಡಿಸದೆ ತಾವಾಗಿಯೇ ಸಾಲುಗೂಡುತ್ತಿದ್ದವು. ಆ ಜೋಡಣೆ ಜೇನುಗೂಡಿನ ಹಾಗೆ ಆರು ಮೂಲೆಯದು, ನೆಲದ ಟೈಲ್ಸಿನಂತೆ ಒಂದೇ ವಿನ್ಯಾಸ ಮತ್ತೆ ಮತ್ತೆ ಬರುತ್ತದೆ ಎಂದು ಬರೆದೇ ಭಟ್ಟರು ಹೆಸರಾಗಿದ್ದರು. ಸಂಜೆ ಅಹಮದಾಬಾದಿನ ಸಮ್ಮೇಳನದಲ್ಲಿ ಅದನ್ನೇ ಹೇಳಲಿದ್ದರು. ಕಾರು ಆಗಲೇ ಕೆಳಗೆ ಬಂದು ನಿಂತಿತ್ತು.

"ಸರ್, ನಾನು ಮೈಕ್ರೋಸ್ಕೋಪಲ್ಲಿ ನೋಡಿದೆ. ಎರಡು ಹರಳು ಇಲ್ಲ. ಏಕ್ ಹೀ ಹೈ." ಅಲ್ಲೇ ಹತ್ತಿರದ ಕೊಯಾಲಿಯ ರಿಫೈನರಿ ಕಾಲೊನಿಯಲ್ಲಿ ಬೆಳೆದ ಅವಳ ಕನ್ನಡ, ಹೆದರಿದಾಗ ಹಿಂದಿಗೆ ಜಾರುತ್ತಿತ್ತು.

"ನೋಡ್ಲಿಕ್ಕೆ ಯಾರು ಹೇಳಿದ್ದು?"

ಅವಳು ಮೈಕ್ರೋಸ್ಕೋಪಿನ ಚಿತ್ರದ ಪ್ರಿಂಟನ್ನು ಮೇಜಿನ ಮೇಲಿಟ್ಟಳು. ಉಂಡೆಗಳ ನಡುವೆ ಗೆರೆ ಎಳೆದಿದ್ದಳು: ಚೌಕಗಳು, ತ್ರಿಕೋನಗಳು, ಎಲ್ಲವೂ ಅಚ್ಚುಕಟ್ಟು. ಆದರೆ ವಿನ್ಯಾಸ ಎಲ್ಲಿಯೂ ಮರುಕಳಿಸಿದಂತೆ ಕಾಣಲಿಲ್ಲ. ಒಂದೇ ಹರಳು ಹನ್ನೆರಡು ಚುಕ್ಕೆ ಕೊಡುವುದಾದರೆ ಅದರ ವಿನ್ಯಾಸ ಮರುಕಳಿಸಲಾರದು.

ಭಟ್ಟರು ಡ್ರಾಯರಿನಿಂದ ಪಾರದರ್ಶಕ ಹಾಳೆಯೊಂದನ್ನು ತೆಗೆದು ಪ್ರಿಂಟಿನ ಮೇಲೆ ಹಾಸಿ, ಉಂಡೆಗಳಿದ್ದಲ್ಲೆಲ್ಲ ಪೆನ್ನಿನಿಂದ ಚುಕ್ಕೆಯಿಟ್ಟರು. "ಮರುಕಳಿಸುವುದಾದ್ರೆ, ಸರಿಸುವಾಗ ಎಲ್ಲಾದ್ರೂ ಒಂದು ಕಡೆ ಪೂರ್ತಿ ಕೂತೇ ಕೂರ್ಬೇಕು."

ಹಾಳೆಯನ್ನು ಮೆಲ್ಲಗೆ ಸರಿಸಿದರು. ಒಂದೆಡೆ ಚುಕ್ಕೆಗಳು ಉಂಡೆಗಳ ಮೇಲೆ ಎಷ್ಟು ನಿಖರವಾಗಿ ಬಂದು ಕೂತವೆಂದರೆ ಸಂಜನಾ ತನ್ನದೇ ತಪ್ಪೆಂದುಕೊಂಡಳು. ಅಂಚಿನ ಕಡೆ ಹೋಗುತ್ತಿದ್ದಂತೆ ತಪ್ಪಿದವು. ಮತ್ತೆ ಸರಿಸಿದರು. ಮತ್ತೆ ಅರ್ಧ ಕೂತು, ಅರ್ಧ ತಪ್ಪಿತು. ಫೋನ್ ಬಡಿದುಕೊಂಡಿತು. "ಸಾಹೇಬ್, ಮೋಡುಂ ಥಾಯ್ ಛೇ," ತಡವಾಗುತ್ತಿದೆಯೆಂದು ಡ್ರೈವರ್ ಗೊಣಗಿದ. ಭಟ್ಟರು ಕಟ್ ಮಾಡಿದರು.

"ಇದು ತಪ್ಪಾದ್ರೆ ನಿನ್ನ ಥೀಸಿಸ್ ಹೋಯ್ತು. ಗೊತ್ತುಂಟಾ?"

"ಗೊತ್ತು ಸರ್."

"ಸರಿಯಾದ್ರೆ ನಂದು ಹೋಯ್ತು."

ಹಾಳೆ ಪ್ರಿಂಟಿನ ಉದ್ದಗಲಕ್ಕೂ ತೆವಳಿತು. ಭಟ್ಟರ ಹಣೆ ಬೆವರಿತ್ತು. ಕೊನೆಗೆ ಅವರು ಹಾಳೆಯ ಮೇಲಿಂದ ಕೈ ತೆಗೆದರು.

"ಕೂರುವುದಿಲ್ಲ," ಎಂದರು. ಪ್ರಿಂಟನ್ನು ಅವಳ ಕೈಗಿಟ್ಟು, "ಬ್ಯಾಗ್ ತಕೊ. ನೀನೂ ಬಾ," ಎಂದರು.

ಕಾರು ಊರು ದಾಟಿದ ಮೇಲೆ ಭಟ್ಟರು ಲ್ಯಾಪ್‌ಟಾಪನ್ನು ಹಿಂದಿನ ಸೀಟಿಗೆ ದಾಟಿಸಿದರು. "ಮೊದಲ ಸ್ಲೈಡಿನ ಹೆಡ್ಡಿಂಗ್ ಅಳಿಸು."

ಆರು ಮೂಲೆಯ ಹೆಸರಿದ್ದ ಆ ಸಾಲನ್ನು ಸಂಜನಾ ಅಳಿಸಿದಳು. ಆ ಜಾಗ ಖಾಲಿಯೇ ಉಳಿಯಿತು. ದಾರಿಯ ಆಣಂದ್ ಪಟ್ಟಣ ಹಿಂದೆ ಸರಿಯಿತು. ಮುಂದಿನ ಸೀಟಿನಲ್ಲಿ ಭಟ್ಟರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸತೊಡಗಿದರು.