ಸಾಹೇಬರು ಕೂತ ಸೋಫಾ

ಬಾಗಿಲು ತಳ್ಳಿದ ಗಾಡಿ ಡ್ರೈವರ್ ಇಂಟರ್ವಲ್‌ಗೆ ಮೊದಲು ಅನಿಸಿದ್ದು, ಬೇರೆ ಯಾರದೋ ಮನೆಗೆ ನುಗ್ಗಿಬಿಟ್ಟೆನಾ ಅಂತ. ಬೆಳಿಗ್ಗೆ ಚಾಪೆ ಸುತ್ತಿಟ್ಟು ಹೋಗಿದ್ದ ಜಾಗದಲ್ಲಿ ಒಂದು ಕೆಂಪು ಸೋಫಾ ಠೀವಿಯಿಂದ ಕೂತಿತ್ತು. ಗೋಡೆಗೆ ಟಿವಿ ಒರಗಿತ್ತು. ಮೂಲೆಯಲ್ಲಿ ಆಳೆತ್ತರದ ಫ್ರಿಜ್ಜು. ಇವೆಲ್ಲದರ ನಡುವೆ ಅಕ್ಕ, ಗರಿಗರಿಯಾದ ಬಟ್ಟೆ ಉಟ್ಟು, ಬಲಗೈಯನ್ನು ಶಾಲಿನೊಳಗೆ ಮುಚ್ಚಿಕೊಂಡು, ಮದುವೆ ಮನೆಯ ಯಜಮಾನಿಯ ಹಾಗೆ ನಗುತ್ತಾ ನಿಂತಿದ್ದಳು.

ಅವನ ಬೆನ್ನ ಹಿಂದೆ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ, ಕೋರ್ಟಿನಿಂದ ತಪಾಸಣೆಗೆ ಬಂದ ಸಾಹೇಬರಿದ್ದರು. ಈ ಮನೆಯಲ್ಲಿ ಏನೂ ಇಲ್ಲ ಎಂಬುದನ್ನು ಕಣ್ಣಾರೆ ನೋಡಿ ಬರೆದುಕೊಂಡು ಹೋಗುವುದಕ್ಕೇ ಅವರು ಬಂದಿದ್ದು.

"ಬನ್ನಿ ಸಾರ್, ಕೂತ್ಕೊಳ್ಳಿ," ಎಂದಳು ಅಕ್ಕ.

ಇಂಟರ್ವಲ್ ಅವಳ ತಮ್ಮ. ಅವನ ಮೂರು ಚಕ್ರದ ಸಾಮಾನು ಗಾಡಿ ಎಲ್ಲಿಗೇ ಹೊರಟರೂ ಅರ್ಧ ದಾರಿಯಲ್ಲಿ ನಿಲ್ಲುತ್ತಿದ್ದರಿಂದ ಬೀದಿಯವರು ಇಟ್ಟ ಹೆಸರದು. ಇವತ್ತೂ ನಿಂತಿತ್ತು. ನಿಲ್ಲದಿದ್ದರೆ ಅವನು ಮೊದಲೇ ಬಂದು ಈ ಸೆಟ್ಟನ್ನೆಲ್ಲ ಕಿತ್ತು ಹಾಕಿರುತ್ತಿದ್ದ.

ಅಕ್ಕ ದೊಡ್ಡ ಲಾಂಡ್ರಿಯೊಂದರಲ್ಲಿ ಹಬೆಯ ಇಸ್ತ್ರಿ ಯಂತ್ರದ ಮುಂದೆ ನಿಂತು ಬದುಕು ಸವೆಸಿದವಳು. ಯಂತ್ರದ ಮುಚ್ಚಳ ಕೆಟ್ಟಿದೆ, ತಾನಾಗಿಯೇ ಬೀಳುತ್ತದೆ ಎಂದು ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದಳು. ಒಂದು ದಿನ ಅದು ಅವಳ ಕೈಮೇಲೇ ಬಿತ್ತು. ಮಾಲೀಕ ಆಸ್ಪತ್ರೆಗೆ ಒಂದು ಬುಟ್ಟಿ ಹಣ್ಣು ಕಳಿಸಿ ಶುಭಂ ಬೋರ್ಡು ಹಾಕಿಬಿಟ್ಟ. ಪರಿಹಾರಕ್ಕೆ ಕೇಸು ಹಾಕೋಣವೆಂದರೆ, ಕೇಳುವ ಮೊತ್ತಕ್ಕೆ ತಕ್ಕ ಹಾಗೆ ಕೋರ್ಟು ಶುಲ್ಕ ಕಟ್ಟಬೇಕು. ಪಿಕ್ಚರ್ ಚೆನ್ನಾಗಿರುತ್ತೋ ಇಲ್ಲವೋ, ಟಿಕೆಟ್ ಮಾತ್ರ ಬಾಗಿಲಲ್ಲೇ ತಗೋಬೇಕು ಎಂದು ಇಂಟರ್ವಲ್ ಗೊಣಗಿದ್ದ. ಕಟ್ಟಲು ಗತಿಯಿಲ್ಲದವರಿಗೆ ಮಾಫಿ ಇದೆ, ಅರ್ಜಿ ಹಾಕಿ, ಮನೆಗೆ ಬಂದು ನೋಡುತ್ತಾರೆ ಎಂದರು ವಕೀಲರು. ಅದನ್ನು ತಳ್ಳಿಹಾಕಿದರೆ ಕೇಸಿನ ಆಸೆ ಬಿಡಿ, ಗಡುವು ಈ ತಿಂಗಳಿಗೇ ಮುಗಿಯುತ್ತದೆ ಎಂದೂ ಹೇಳಿದ್ದರು.

ಇದ್ಯಾವುದನ್ನೂ ಅವನು ಅಕ್ಕನಿಗೆ ಹೇಳಿರಲಿಲ್ಲ. ಗತಿಯಿಲ್ಲದವಳು ಎಂಬ ಕಾಗದಕ್ಕೆ ಅವಳು ಸತ್ತರೂ ಸಹಿ ಹಾಕುವವಳಲ್ಲ. ಕೇಸಿನ ಕಾಗದ ಎಂದು ಬೊಗಳೆ ಬಿಟ್ಟು ಎಡಗೈಯಲ್ಲಿ ಗೀಚಿಸಿಕೊಂಡಿದ್ದ. ನಿನ್ನೆ ಮಲಗುವ ಮುಂಚೆ, ನಾಳೆ ಕೋರ್ಟಿನವರು ಮನೆ ನೋಡಲು ಬರುತ್ತಾರೆ ಎಂದಷ್ಟೇ ಹೇಳಿ ಮುಸುಕೆಳೆದಿದ್ದ. ಮನೆ ನೋಡಲು ಬರುತ್ತಾರೆಂದರೆ ಅಕ್ಕ ಸುಮ್ಮನೆ ಕೈಕಟ್ಟಿ ಕೂರುವವಳಾ ಎಂಬುದು ಆ ತಲೆಗೆ ಹೊಳೆದೇ ಇರಲಿಲ್ಲ.

ಸಾಹೇಬರು ಕೂತರು. ಸ್ಪ್ರಿಂಗು ನರಳಿತು. ಫೈಲು ತೆರೆದು ಬಾಯಲ್ಲೇ ಹೇಳಿಕೊಳ್ಳುತ್ತಾ ಬರೆಯತೊಡಗಿದರು. ಸೋಫಾ, ಒಂದು. ಟಿವಿ, ಒಂದು. ಇಂಟರ್ವಲ್ ಸೋಫಾದ ಹಿಂದಕ್ಕೆ ಸರಿದ. ಅವರ ತಲೆಯ ಮೇಲಿನಿಂದ ಅಕ್ಕನಿಗೆ ಕಣ್ಣು ಮಿಟುಕಿಸಿದ, ಹುಬ್ಬು ಕುಣಿಸಿದ.

"ಕಣ್ಣಿಗೆ ಏನು ಬಿತ್ತೋ? ಬಾ ಇಲ್ಲಿ, ಊದ್ತೀನಿ."

ಸಾಹೇಬರು ತಲೆಯೆತ್ತಿ ಅವನನ್ನು ನೋಡಿದರು. ಆಮೇಲೆ ಫ್ರಿಜ್ಜನ್ನು. "ಇದೆಲ್ಲಾ ನಿಮ್ದೇನಮ್ಮಾ?"

"ಮತ್ತಿನ್ಯಾರ್ದು ಸಾರ್. ನಮಗೇನೂ ಕಮ್ಮಿ ಇಲ್ಲ."

"ಹಂಗಾದ್ರೆ ಅರ್ಜೀಲಿ ಒಂದು ಸ್ಟವ್ವು, ನಾಕು ಪಾತ್ರೆ ಅಂತ ಬರ್ದಿದೀರಲ್ಲ. ಸುಳ್ಳು ಹೇಳಿ ಶುಲ್ಕ ಮಾಫಿ ಕೇಳಿದ್ರೆ ಏನಾಗುತ್ತೆ ಗೊತ್ತಾ?"

ಅಕ್ಕನ ಮುಖದ ನಗು ಅಲ್ಲೇ ನಿಂತಿತು. ಯಾವ ಅರ್ಜಿ ಎಂದು ಅವಳು ಕೇಳುವಷ್ಟರಲ್ಲಿ ಇಂಟರ್ವಲ್ ಅವಳ ತೋಳು ಹಿಡಿದು ಅಡುಗೆ ಮೂಲೆಯ ಪರದೆಯ ಹಿಂದಕ್ಕೆ ಎಳೆದುಕೊಂಡು ಹೋದ. ಪಿಸುದನಿಯಲ್ಲಿ ಎಲ್ಲ ಹೇಳಿದ. ಸಹಿಯ ವಿಷಯ, ಗಡುವಿನ ವಿಷಯ, ಸಾಹೇಬರು ಯಾಕೆ ಬಂದಿದ್ದಾರೆ ಎನ್ನುವುದು. ಸಿನಿಮಾದಲ್ಲಾಗಿದ್ದರೆ ಇಲ್ಲೊಂದು ಕೆನ್ನೆಗೆ ಏಟು ಬೀಳಬೇಕಿತ್ತು. ಅವನು ತಯಾರಾಗಿಯೇ ನಿಂತಿದ್ದ. ಬೀಳಲಿಲ್ಲ.

"ಬೆಳಿಗ್ಗೆಯಿಂದ ಮನೆಮನೆ ಬಾಗಿಲು ತಟ್ಟಿದೀನಿ ಕಣೋ," ಎಂದಳು. "ಒಂದು ಮಾತು ಹೇಳಕ್ಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ಒಪ್ತಿದ್ಯಾ?"

ಅಕ್ಕ ಸ್ಟವ್ವನ್ನೇ ನೋಡುತ್ತಾ ನಿಂತಳು. ಪರದೆಯ ಆಚೆ ಪೆನ್ನು ಕಾಗದದ ಮೇಲೆ ಕರಕರ ಎನ್ನುತ್ತಲೇ ಇತ್ತು.

"ಇಲ್ಲ," ಎಂದು ಹೊರಗೆ ಹೋದಳು.

ನೇರವಾಗಿ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದಳು. ಒಳಗಿನಿಂದ ಬಣ್ಣಬಣ್ಣದ ಬಟ್ಟೆ ಚೂರುಗಳು, ಒಂದು ಅಳತೆ ಟೇಪು, ಗುಂಡಿ ತುಂಬಿದ ಡಬ್ಬಿ ಸಾಹೇಬರ ಕಾಲ ಬುಡಕ್ಕೆ ಉದುರಿದವು.

"ನಾನು ಸುಳ್ಳು ಹೇಳ್ದೆ ಸಾರ್. ಇದು ಪಕ್ಕದ್ಮನೆ ಟೈಲರಮ್ಮಂದು. ಕೆಟ್ಟು ಕೂತಿದೆ, ಚೂರುಪಾರು ತುಂಬಿಟ್ಕೊಂಡಿದಾಳೆ. ಟಿವಿ ಮೇಲ್ಗಡೆ ನರ್ಸಮ್ಮಂದು."

ಬಾಗಿಲಿಗೆ ಹೋಗಿ ಇಬ್ಬರನ್ನೂ ಕರೆದಳು. ಟೈಲರಮ್ಮ ಬಂದವಳೇ ಬೆಳಿಗ್ಗೆ ಅಕ್ಕ ಹೇಳಿಕೊಟ್ಟಿದ್ದ ಪಾಠ ಒಪ್ಪಿಸಿದಳು: "ಏನಕ್ಕಾ, ನಿಮ್ಮ ಫ್ರಿಜ್ಜಲ್ಲಿ ಒಂಚೂರು ಐಸ್ ಇದ್ರೆ ಕೊಡಿ." ಸಾಹೇಬರು ಕೆಮ್ಮಿದರು. ಸಾಕು, ನಾಟಕ ಮುಗೀತು, ತಗೊಂಡು ಹೋಗು ಎಂದಳು ಅಕ್ಕ. ಟೈಲರಮ್ಮ ಇಂಟರ್ವಲ್‌ನ ಮುಖ ನೋಡಿದಳು, ಅವನು ನೆಲ ನೋಡಿದ. ಟಿವಿ ಹೋಯಿತು. ಫ್ರಿಜ್ಜು ಹೋಯಿತು.

"ಸಾರ್," ಎಂದಳು ಅಕ್ಕ. "ಸ್ವಲ್ಪ ಎದ್ದೇಳ್ತೀರಾ? ಅದೂ ನಮ್ದಲ್ಲ."

ಕೆಳಗಿನ ಕ್ಷೌರದಂಗಡಿಯವನು ಆಗಲೇ ಬಾಗಿಲಲ್ಲಿ ನಿಂತಿದ್ದ. ಗಿರಾಕಿಗಳು ಬೆಳಿಗ್ಗೆಯಿಂದ ನಿಂತುಕೊಂಡೇ ಪೇಪರ್ ಓದುತ್ತಿದ್ದಾರೆ ಎಂದು ಗೊಣಗಿದ. ಸಾಹೇಬರು ಎದ್ದು ಪ್ಯಾಂಟಿಗೆ ಅಂಟಿದ್ದ ಕೂದಲ ಚೂರುಗಳನ್ನು ಕೊಡವಿಕೊಂಡರು. ಸೋಫಾ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಕೊನೆಗೆ ಅವರೇ ಫೈಲನ್ನು ಕಂಕುಳಿಗೆ ಸೇರಿಸಿ, ಒಂದು ತುದಿ ಎತ್ತಿ ಓರೆ ಮಾಡಿ ಕೊಡಬೇಕಾಯಿತು.

ಕೋಣೆ ಒಮ್ಮೆಲೇ ದೊಡ್ಡದಾಯಿತು. ಮಾತಾಡಿದರೆ ಗೋಡೆ ತಿರುಗಿ ಮಾತಾಡುವಷ್ಟು.

"ಕಂಡಿದ್ದನ್ನ ಬರೆಯೋದು ನನ್ನ ಕೆಲಸ," ಎಂದರು ಸಾಹೇಬರು. "ಬರ್ದಾಗೋಯ್ತಲ್ಲಮ್ಮಾ. ಈಗೇನ್ಮಾಡೋದು?"



"ಈಗ ಕಾಣೋದನ್ನೂ ಬರೀರಿ ಸಾರ್," ಎಂದಳು ಅಕ್ಕ.

ಸಾಹೇಬರು ಸುತ್ತ ನೋಡಿದರು. ಕೂರಲು ಏನೂ ಇರಲಿಲ್ಲ. ಕಾಗದವನ್ನು ಗೋಡೆಗೆ ಆನಿಸಿ ಬರೆಯಲು ಹೋದರು. ಪೆನ್ನಿನ ಮೊನೆ ಗಾರೆಗೆ ಸಿಕ್ಕಿ ಕಾಗದಕ್ಕೆ ತೂತು ಬಿತ್ತು.

ಅಕ್ಕ ಮೂಲೆಯ ಹಲಗೆಯಿಂದ ಹಳೆಯ ಕಂಬಳಿಯೊಂದನ್ನು ಎಳೆದಳು. ಮನೆಯಲ್ಲಿ ಇಸ್ತ್ರಿ ಮಾಡುವಾಗ ಹಾಸಿಕೊಳ್ಳುತ್ತಿದ್ದದ್ದು. ಅಲ್ಲಲ್ಲಿ ಸುಟ್ಟ ಕಂದು ಗುರುತುಗಳಿದ್ದವು. ಸಾಹೇಬರ ಮುಂದೆ ಅದನ್ನು ನೆಲಕ್ಕೆ ಹಾಸಿ, ಮಂಡಿಯೂರಿ, ಎಡಗೈಯಿಂದ ಸುಕ್ಕು ತೀಡತೊಡಗಿದಳು. ಸುಕ್ಕು ಹೋಗಲಿಲ್ಲ. ಶಾಲು ಜಾರಿತು. ಹಳೆಯ ಅಭ್ಯಾಸದ ಮೇಲೆ ಬಲಗೈಯೂ ಹೊರಗೆ ಬಂದು ಕಂಬಳಿಯ ಮೇಲೆ ಇಳಿಯಿತು. ಮಡಚಲು ಬಾರದ ಬೆರಳುಗಳು, ಮೇಣದ ಹಾಗೆ ಮಿನುಗುವ ಚರ್ಮ. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ.

 ಸಾಹೇಬರು ಚಪ್ಪಲಿ ಬಿಟ್ಟು ಕಂಬಳಿಯ ಮೇಲೆ ಕೂತು, ಫೈಲಿನಲ್ಲಿ ಹೊಸ ಹಾಳೆ ತಿರುವಿದರು. ಅವರ ಮೊಣಕಾಲ ಬಳಿ ಇನ್ನೂ ಒಂದು ಸುಕ್ಕು ಉಳಿದಿತ್ತು. ಅಕ್ಕನ ಆ ಕೈ ಅದನ್ನು ಒತ್ತುತ್ತಾ, ಒತ್ತುತ್ತಾ, ಅಂಚಿನವರೆಗೂ ಹೋಯಿತು.