ತೆಗೆದ ಹನ್ನೊಂದು ಪುಟ

ತಾತನ ಮೂಗಿಗೆ ಹತ್ತಿ ಇಟ್ಟಾಗಿತ್ತು. ಕಿವಿಗೆ ಇಡುವಾಗ ಯಾಮಿನಿಯ ಕೈ ತಡೆಯಿತು. ಈ ಕಿವಿಗೆ ಗೊತ್ತಾಗಿತ್ತೋ ಏನೋ. ತಿಂಗಳಿಡೀ ತಾನು ಓದಿ ಹೇಳಿದ್ದರಲ್ಲಿ ಹನ್ನೊಂದು ಪುಟ ಪುಸ್ತಕದಲ್ಲೇ ಇಲ್ಲವೆಂದು ತಾತನಿಗೆ ಗೊತ್ತಾಗಿತ್ತೋ ಏನೋ. ಇದನ್ನವಳು ಡೈರಿಯಲ್ಲಿ ಕೂಡ ಬರೆದುಕೊಂಡಿರಲಿಲ್ಲ.

"ಬೇಗ ಇಡಮ್ಮ, ಜನ ಬರ್ತಾವ್ರೆ," ಎಂದರು ಪಕ್ಕದ ಮನೆಯ ಕೋನಪ್ಪ.

ಗೌರಿಬಿದನೂರಿನ ಮನೆಯಂಗಳದಲ್ಲಿ ಶಾಮಿಯಾನ ಕಟ್ಟಿದ್ದರು. ತಾತ, ನಿವೃತ್ತ ಮೇಷ್ಟ್ರು ಚೆನ್ನರಾಯಪ್ಪ, ಬರೆದ ತಮ್ಮ ಬದುಕಿನ ಕತೆ ಹಿಂದಿನ ದಿನವಷ್ಟೇ ಪ್ರೆಸ್ಸಿನಿಂದ ಬಂದಿತ್ತು. ಬೆಳಗಾಗುವಷ್ಟರಲ್ಲಿ ಅವರು ಹೋದರು. ಯಾಮಿನಿಯ ಅಪ್ಪ ಸುನೀಲ್‌ಕುಮಾರ್ ಒಂದು ಪ್ರತಿಯನ್ನು ಶವದ ಎದೆಯ ಮೇಲಿಟ್ಟು, ಉಳಿದವನ್ನು ಬಂದವರಿಗೆ ಹಂಚುತ್ತಿದ್ದರು.

"ಮೇಷ್ಟ್ರು ಇದ್ದಿದ್ರೆ ಇದಕ್ಕೂ ಕೆಂಪು ಇಂಕಲ್ಲಿ ಗೆರೆ ಎಳೆಯೋರು." ಕೋನಪ್ಪ ಪುಟ ಮಗುಚಿದರು. "ನನ್ ಹೆಸ್ರು ಐತೇನಪ್ಪ?"

"ಐತೆ ಕೋನಪ್ಪಣ್ಣ. ನೀನು ಏಳ್ನೇ ಕ್ಲಾಸು ಎರಡ್ ಸಲ ಓದಿದ್ದೂ ಐತೆ," ಎಂದರು ಸುನೀಲ್‌ಕುಮಾರ್.

ಶವದ ಮುಂದೆಯೂ ನಾಲ್ಕು ಜನ ನಕ್ಕರು. ಯಾಮಿನಿ ಹತ್ತಿ ಇಟ್ಟು ಒಳಗೆ ಹೋದಳು.

*

ತಿಂಗಳ ಮೊದಲಲ್ಲಿ, ಯಾಮಿನಿ ತಾತನ ಪುಸ್ತಕ ಟೈಪ್ ಮಾಡುತ್ತಿದ್ದಾಗ, ಅಪ್ಪ ಅವಳ ಲ್ಯಾಪ್‌ಟಾಪ್ ಪಕ್ಕ ಬಂದು ಕೂತಿದ್ದರು.

"ನಮ್ಮ ಸೋದರತ್ತೆ ವಿಷಯ ಇರೋ ಅಧ್ಯಾಯ ತೆಗ್ದಾಕು."

"ತಾತ..."

"ತಾತಂಗೆ ಕಣ್ಣು ಕಾಣಲ್ಲ. ನಿನ್ನ ನೋಡಕ್ಕೆ ಬರೋ ಗಂಡಿನ ಕಡೆಯೋರಿಗೆ ಕಾಣ್ತದೆ. ದಸ್ತಗಿರ್ ಜೊತೆ ಹೋದೋಳು ನಮ್ಮ ಪಾಲಿಗೆ ಸತ್ತು ಐವತ್ತೈದು ವರ್ಷ ಆಯ್ತು."

ಯಾಮಿನಿ ಎದುರು ಮಾತಾಡಿದವಳಲ್ಲ. ಹನ್ನೊಂದು ಪುಟ ಒಂದೇ ಏಟಿಗೆ ಹೋದವು.

ಸಕ್ಕರೆ ಕಾಯಿಲೆ ತಾತನ ಕಣ್ಣನ್ನೂ ಕಿಡ್ನಿಯನ್ನೂ ತಿಂದಿತ್ತು. ವಾರಕ್ಕೆರಡು ಸಲ ಚಿಕ್ಕಬಳ್ಳಾಪುರಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಅಲ್ಲಿ ನಾಲ್ಕು ಗಂಟೆ ಮಲಗಿದಲ್ಲೇ ಅವರು ಕರಡು ಓದಿಸಿ ಕೇಳುತ್ತಿದ್ದರು. ಆ ಅಧ್ಯಾಯದ ಸರದಿ ಬಂದಾಗ ಅವಳು ಮೊಬೈಲಿನಲ್ಲಿದ್ದ ಹಳೆಯ ಪ್ರತಿಯನ್ನು ಓದಿದಳು. ತಾತನ ಅಕ್ಕ ಚಿಕ್ಕವೆಂಕಟಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ, ನೂಲು ತೆಗೆದು ತಮ್ಮನನ್ನು ಓದಿಸಿದ್ದು. ಅವಳು ದಸ್ತಗಿರ್‌ನನ್ನು ಮದುವೆಯಾಗಿ ಬಂದಾಗ ಅದೇ ತಮ್ಮ ಬಾಗಿಲು ಹಾಕಿಕೊಂಡಿದ್ದು.

"ಬಿಸಿನೀರು ಅಂತ ಬರ್ದಿದೀನಾ? ಕುದಿಯೋ ನೀರು ಅಂತ ಮಾಡಮ್ಮ. ನೀನು ಅಕ್ಕನ ಕೈ ನೋಡಿಲ್ಲ."

"ಮಾಡ್ದೆ ತಾತ," ಎಂದು ಅವಳು ಕೈಯಲ್ಲಿದ್ದ ಕರಡಿನ ಹಾಳೆಯನ್ನು ಸದ್ದಾಗುವಂತೆ ಮಗುಚಿದಳು.

ಆಮೇಲೆ ಒಂದು ಭಾನುವಾರ ಚಿಂತಾಮಣಿಯ ನೆಂಟರ ಮನೆಯಲ್ಲಿ ನಾಮಕರಣವಿತ್ತು. ಹೋಗುವಾಗ ಶಿಡ್ಲಘಟ್ಟದಲ್ಲಿ ಕಾರು ನಿಲ್ಲಿಸಲೇಬೇಕೆಂದು ತಾತ ಹಟ ಹಿಡಿದರು. ಅಪ್ಪ ಕಾರಿನಿಂದ ಇಳಿಯಲಿಲ್ಲ. ಯಾಮಿನಿಯೇ ತಾತನ ತೋಳು ಹಿಡಿದು ಗಲ್ಲಿಯೊಳಗಿದ್ದ ಚಿಕ್ಕವೆಂಕಟಮ್ಮನ ಮನೆಗೆ ನಡೆಸಿದಳು.

"ಅಕ್ಕಾ, ಬಾಯಲ್ಲಿ ಹೇಳಕ್ಕೆ ನಂಗೆ ಮುಖ ಇಲ್ಲ. ಬುಕ್ಕಲ್ಲಿ ಬರ್ದಿದೀನಿ."

"ಏನ್ ಬರ್ದಿದೀಯೋ ಚೆನ್ನ? ಬೈದಿದೀಯಾ?"

"ನನ್ನನ್ನೇ ಬೈಕೊಂಡಿದೀನಿ. ಕೇಳು, ಇವಳೇ ಟೈಪ್ ಮಾಡಿದ್ದು."

ಮುದುಕಿ ಯಾಮಿನಿಯ ಗಲ್ಲ ಸವರಿದರು. ಆ ಒರಟು ಕೈಯಡಿ ಅವಳು ನೆಲ ನೋಡುತ್ತ ನಿಂತಳು.

*

ಶವದ ಬಾಯಿಗೆ ಅಕ್ಕಿ ಹಾಕುವ ಹೊತ್ತಿಗೆ ಆಟೊ ಬಂತು. ಚಿಕ್ಕವೆಂಕಟಮ್ಮನನ್ನು ಇಳಿಸಿ ಅವರ ಮಗ ಫಾಜಿಲ್ ಗೇಟಿನಾಚೆಯೇ ನಿಂತ. ಅಪ್ಪ ನೋಡಿದರು. ಬಾ ಎನ್ನಲಿಲ್ಲ.

"ಯಾರಪ್ಪ ಆಯಮ್ಮ?" ಕೋನಪ್ಪ ಕೇಳಿದರು.

"ಅಪ್ಪನ ಹತ್ರ ಓದಿದ ಹುಡುಗನ ತಾಯಿ," ಎಂದರು ಸುನೀಲ್‌ಕುಮಾರ್.

ಮುದುಕಿಗೆ ಅದು ಕೇಳಿಸಿತು. ಶಾಮಿಯಾನದ ಅಂಚಿನ ಕುರ್ಚಿಯಲ್ಲಿ ಕೂತರು. ಯಾರೋ ಅವರ ಕೈಗೂ ಒಂದು ಪುಸ್ತಕ ಕೊಟ್ಟರು.

ರಕ್ತಸಂಬಂಧಿಗಳು ಒಬ್ಬೊಬ್ಬರಾಗಿ ಬಂದು ತಾತನ ತುಟಿಯ ಮೇಲೆ ಅಕ್ಕಿ ಉದುರಿಸಿದರು.

"ಸ್ವಂತದೋರು ಇನ್ಯಾರಾನಾ ಉಳಿದವ್ರಾ?" ಕೋನಪ್ಪ ಕೂಗಿದರು.

"ಎಲ್ಲಾ ಆಯ್ತು, ಎತ್ತಣ," ಎಂದರು ಅಪ್ಪ.

ಯಾಮಿನಿ ನೀರಿನ ಲೋಟ ಹಿಡಿದು ಹೋದಾಗ ಚಿಕ್ಕವೆಂಕಟಮ್ಮ ಅವಳ ದುಪಟ್ಟಾ ಹಿಡಿದು ಬಗ್ಗಿಸಿಕೊಂಡರು.

"ಅಕ್ಕಿ ಹೋಗ್ಲಿ ಬಿಡು, ನಿಮ್ಮಪ್ಪಂಗೆ ಯಾಕೆ ಕಷ್ಟ. ನಂಗೆ ಓದಕ್ಕೆ ಬರಲ್ಲ ಕಣಮ್ಮ. ನಾನಿರೋ ಪುಟ ಒಂದು ಮಡಚಿ ಕೊಡು. ಮನೇಲಿ ಫಾಜಿಲ್ ಕೈಲಿ ಓದಿಸ್ಕೊಂತೀನಿ."

ಯಾವುದೋ ಒಂದು ಪುಟ ಮಡಚಿ ಕೊಟ್ಟರೆ ಈ ಹೊತ್ತು ದಾಟುತ್ತಿತ್ತು. ಯಾಮಿನಿ ಪುಸ್ತಕ ತೆರೆದಳು. ಒಂದು ಹಾಳೆಯ ಮೂಲೆ ಹಿಡಿದಳು ಕೂಡ.

"ಯಾಮಿನಿ, ಅಲ್ಲೇನು ಮಾತು? ಬಾ ಈ ಕಡೆ," ಅಪ್ಪ ಗದರಿದರು.

ಅವಳು ಹಾಳೆ ಬಿಟ್ಟಳು. ತನ್ನ ದನಿ ಅಷ್ಟು ದೊಡ್ಡದೆಂದು ಅವಳಿಗೇ ತಿಳಿದಿರಲಿಲ್ಲ.

"ನೀವು ಇದ್ರಲ್ಲಿಲ್ಲ ಅಜ್ಜಿ. ತಾತ ಬರ್ದಿದ್ರು. ತೆಗೆದೋಳು ನಾನು."

ಚಟ್ಟ ಎತ್ತಲು ಬಗ್ಗಿದ್ದ ನಾಲ್ವರೂ ಬಗ್ಗಿದಂತೆಯೇ ನಿಂತರು. ತಾತ ಇನ್ನೂ ನೆಲದ ಮೇಲೆಯೇ ಇದ್ದರು.