ಹಾಸಿಗೆಗಳು ಖಾಲಿಯಾದ ಮೇಲೆ

ಮಾವನ ಹಾಸಿಗೆ ಗೋದಾಮಿನಲ್ಲಿ ಡ್ರಮ್ ಕಲಿತವಳಿಗೆ ಮೆಲ್ಲಗೆ ಬಾರಿಸುವುದು ಹೇಗೆ ಗೊತ್ತಿರಬೇಕು? ಗೋಡೆಯುದ್ದಕ್ಕೂ ಸೂರು ಮುಟ್ಟುವಂತೆ ಪೇರಿಸಿದ ಹತ್ತಿಯ ಹಾಸಿಗೆಗಳು ಎಷ್ಟು ಸದ್ದು ಮಾಡಿದರೂ ನುಂಗಿ ನೀರು ಕುಡಿಯುತ್ತಿದ್ದವು. ಹಾಗಾಗಿ ಅವಳು ಇನ್ನಷ್ಟು ಜೋರಾಗಿ ಬಾರಿಸುತ್ತಿದ್ದಳು. ಡ್ರಮ್ಮನ್ನು ಮೀರಿ ಕೇಳಿಸಲೆಂದು ಅಣ್ಣ ಗಂಟಲು ಹರಿದುಕೊಂಡು ಹಾಡುತ್ತಿದ್ದ. ಗಿಟಾರ್ ನುಡಿಸುವ ಗೆಳತಿ, ಎಲ್ಲರೂ ಉದ್ದಕ್ಕ ಎಂದು ಕರೆಯುವವಳು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕಾದಷ್ಟು ಎತ್ತರದವಳು, ಇಬ್ಬರಿಗೂ ಸೆಡ್ಡು ಹೊಡೆದು ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಿದ್ದಳು. ಮೊದಲ ಎರಡು ಆಲ್ಬಮ್‌ಗಳು ಹುಟ್ಟಿದ್ದೇ ಹೀಗೆ. ಕೇಳಿದವರು ಅದನ್ನು ಶೈಲಿ ಎಂದು ಹೊಗಳಿದರು. ಡ್ರಮ್ ಬಾರಿಸುವವಳಿಗೆ ಗುಡುಗಮ್ಮ ಎಂದು ಹೆಸರಿಟ್ಟರು.

ಹೆಸರು ಅವಳಿಗೆ ಒಳಗೊಳಗೇ ಇಷ್ಟವಾಗಿತ್ತು. ನೆಂಟರು ಬಂದರೆ ಅಡುಗೆಮನೆ ಸೇರುವ ಹುಡುಗಿ. ಬಾಯಿಗೆ ಬಾರದ್ದೆಲ್ಲ ಕೈಗೆ ಬರುತ್ತಿತ್ತು.

ಮೂರನೆಯ ಆಲ್ಬಮ್ಮಿನ ಅಭ್ಯಾಸಕ್ಕೆ ಕೂರುವ ಹೊತ್ತಿಗೆ ಮಾವನಿಗೆ ಯಾವುದೋ ಹಾಸ್ಟೆಲ್ಲಿನಿಂದ ದೊಡ್ಡ ಆರ್ಡರ್ ಬಂದು ಗೋದಾಮು ಬರಿದಾಗಿತ್ತು. ಅವಳು ಎಂದಿನಂತೆ ಒಂದೇಟು ಹಾಕಿದಳು. ಸದ್ದು ಬೋಳು ಗೋಡೆಗಳಿಗೆ ಬಡಿದು ವಾಪಸ್ಸು ಬಂದು ಮುಖಕ್ಕೇ ರಾಚಿತು.

"ಅಯ್ಯೋ ನಿಲ್ಸೇ! ಕಿವಿ ತೂತಾಯ್ತು!" ಅಣ್ಣ ಕೂಗಿದ.

"ದಿನಾ ಹೊಡೆಯೋ ಹಾಗೇ ಹೊಡೆದೆ ಕಣೋ."

"ಹಾಗಾದ್ರೆ ಇಷ್ಟು ದಿನ ನಾವು ಹಾಸಿಗೆ ಜೊತೆ ಜಗಳ ಆಡ್ತಿದ್ವಿ ಅನ್ನು," ಎಂದು ಉದ್ದಕ್ಕ ಬಿದ್ದು ಬಿದ್ದು ನಕ್ಕಳು.

ಅಣ್ಣ ಸುಮ್ಮನೆ ಅರ್ಧ ದನಿಯಲ್ಲಿ ಹಾಡಿ ನೋಡಿದ. ಮೂವರೂ ಬೆಪ್ಪಾದರು. ಅವನಿಗೆ ಅಷ್ಟು ಚೆಂದದ ಕಂಠವಿದೆಯೆಂದು ಒಡಹುಟ್ಟಿದವಳಿಗೇ ತಿಳಿದಿರಲಿಲ್ಲ. ಇಡೀ ಆಲ್ಬಮ್ ಹೀಗೇ ಇರಲಿ ಎಂದು ಅಲ್ಲೇ ತೀರ್ಮಾನವಾಯಿತು. ಉದ್ದಕ್ಕ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದಳು.

"ಈ ಹಾಡಿಗೆ ಡ್ರಮ್ ಬೇಡ ಬಿಡು," ಎಂದ ಅಣ್ಣ. ಎರಡನೆಯ ಹಾಡಿಗೂ ಅದೇ ಮಾತು. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಅದು ಅವಳಿಗೂ ಗೊತ್ತು. ಆದರೂ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತವಳಿಗೆ, ಹಾಡು ಚೆನ್ನಾಗಿ ಬಂದಷ್ಟೂ ಎದೆ ಭಾರವಾಗುತ್ತಿತ್ತು. ಹಾಗಾದರೆ ನಾನ್ಯಾಕೆ ಇಲ್ಲಿ? ಕೇಳಬೇಕೆಂದು ಬಾಯಿ ತೆರೆಯುವಳು, ಆಕಳಿಸಿದಂತೆ ಮಾಡಿ ಮುಚ್ಚುವಳು.

ಮೂರನೆಯ ಹಾಡು ಮಾತ್ರ ಹಳಿಗೆ ಬರಲೊಲ್ಲದು. ಅಣ್ಣ ಎಳೆದೆಳೆದು ಹಾಡುತ್ತಿದ್ದ, ಉದ್ದಕ್ಕ ಮುಂದೆ ಓಡುತ್ತಿದ್ದಳು.

"ಬಸ್ಸು ಹಿಡೀಬೇಕಾ ನಿಂಗೆ?"

"ನೀನು ನಿದ್ದೆಯಿಂದ ಏಳು ಮೊದ್ಲು!"

ಅವಳು ಕೋಲು ಕೆಳಗಿಟ್ಟು, ಚಿಕ್ಕ ಡ್ರಮ್ಮಿನ ಚರ್ಮದ ಮೇಲೆ ಬೆರಳ ತುದಿಗಳನ್ನು ಆಡಿಸತೊಡಗಿದಳು. ಮಗುವನ್ನು ತಟ್ಟಿ ಮಲಗಿಸುವಷ್ಟೇ ಸದ್ದು. ಜಗಳ ನಿಂತಿತು. ಅಣ್ಣ ಅವಳ ಬೆರಳು ನೋಡುತ್ತ ಹಾಡಿದ. ಗಿಟಾರು ಓಟ ಬಿಟ್ಟು ಜೊತೆಗೆ ನಡೆಯಿತು. ಹಾಡು ಕೊನೆಮುಟ್ಟಿತು.

ಮಾವ ಬಾಗಿಲಲ್ಲಿ ಇಣುಕಿದ. "ಏನ್ರೋ, ಕರೆಂಟ್ ಹೋಯ್ತಾ? ಸದ್ದೇ ಇಲ್ಲ!"

"ಇದೇ ಮಾವ, ಹೊಸ ಆಲ್ಬಮ್ಮು," ಎಂದ ಅಣ್ಣ. ಅವಳ ಕಡೆ ತಿರುಗಿ, "ಈ ಹಾಡಲ್ಲಿ ನೀನು ಹೀಗೇ ಇರೇ," ಎಂದ.

"ಈ ಹಾಡಲ್ಲಿ ಮಾತ್ರ ಅಲ್ಲ." ತನ್ನ ದನಿ ಅಷ್ಟು ಸ್ಪಷ್ಟವಾಗಿ ಕೇಳಿದ್ದಕ್ಕೆ ಅವಳೇ ಬೆಚ್ಚಿದಳು. "ಮೊದಲಿನ ಎರಡು ಹಾಡೂ ಮತ್ತೆ ಮಾಡೋಣ. ಅವುಗಳಲ್ಲೂ ನಾನಿರ್ತೀನಿ."

"ಇವಳಿಗೆ ಬಾಯಿ ಬಂತಲ್ಲಪ್ಪ!" ಎಂದಳು ಉದ್ದಕ್ಕ.

ಅಣ್ಣ ತಲೆ ಕೆರೆದುಕೊಂಡ. "ಮೊದಲೇ ಹೇಳೋದಲ್ವೇನೇ? ಸರಿ, ಶುರು ಮಾಡು."

ಮೊದಲ ಹಾಡಿಗೆ ಎಷ್ಟು ನಿಧಾನ ಬೇಕೆಂದು ಅವಳು ಒಂದು ಕ್ಷಣ ಯೋಚಿಸಿದಳು. ಇಬ್ಬರೂ ಅವಳಿಗಾಗಿ ಕಾದರು.